ಚೇರೆಯ ಸೊನೆ

ಸೇಸಮ್ಮ ರೋಗಿಯನ್ನು ಮುಟ್ಟಿ ನೋಡುವವಳಲ್ಲ. ಜಗಲಿಯ ಕಂಬಕ್ಕೆ ಬೆನ್ನು ಕೊಟ್ಟು, ಎಲೆಗೆ ಸುಣ್ಣ ಸವರುತ್ತಾ, ಅಂಗಳಕ್ಕೆ ಬಂದವರ ಮುಖವನ್ನೊಮ್ಮೆ ನೋಡಿದಳೆಂದರೆ ಸಾಕು, ಅವರು ಬಾಯಿಬಿಡುವ ಮೊದಲೇ ಇಂಥದ್ದು ಎಂದು ಹೇಳಿಬಿಡುತ್ತಿದ್ದಳು. ಕಾಮಾಲೆಗೆ, ಸರ್ಪಸುತ್ತಿಗೆ, ಹಾಲು ಬತ್ತಿದ ಬಾಣಂತಿಗೆ ಅವಳಲ್ಲಿ ಮದ್ದು ಇತ್ತು. ಸೊಪ್ಪು ತರುವುದು ಅವಳೇ, ಅರೆಯುವುದು ಅವಳೇ. ತಂದ ಎಲೆಯನ್ನು ದಾರಿಯಲ್ಲೇ ಅಂಗೈಯಲ್ಲಿ ಹಿಸುಕಿ ಮುದ್ದೆ ಮಾಡಿಬಿಡುತ್ತಿದ್ದಳು, ಯಾವ ಗಿಡದ್ದೆಂದು ಸೊಸೆಯಂದಿರಿಗೂ ತಿಳಿಯಬಾರದೆಂದು. ವಾಮದಪದವಿನ ಸುತ್ತಮುತ್ತ ಅವಳು ಹೇಳಿದ್ದೇ ರೋಗ, ಅವಳು ಕೊಟ್ಟದ್ದೇ ಮದ್ದು. ಬಂಟ್ವಾಳದ ಡಾಕ್ಟರರ ಹತ್ತಿರ ಹೋದವರೂ ಹಿಂತಿರುಗುವಾಗ ಅವಳ ಜಗಲಿಗೊಮ್ಮೆ ಹತ್ತಿ ಇಳಿಯುತ್ತಿದ್ದರು.

ಅಂಥವಳ ಕಿರಿಯ ಸೊಸೆ ಅಮ್ಮಣಿ. ವೇಣೂರಿನ ಆಚೆಯ ಗದ್ದೆಬಯಲಿನ ಊರಿನವಳು, ಗದ್ದೆ ಕೆಲಸ ಬಲ್ಲವಳು, ಗುಡ್ಡ ಕಾಡು ಅರಿಯದವಳು. ಅವಳನ್ನು ಒಪ್ಪಿ ತಂದದ್ದು ಮಾವ ಹುಕ್ರಪ್ಪ ಗೌಡ. ಸೇಸಮ್ಮನ ಮನಸ್ಸಿನಲ್ಲಿದ್ದವಳು ಅಣ್ಣನ ಮಗಳು ಸರಸ. ಸರಸ ಹುಟ್ಟಿದಾಗಲೇ ಇವಳು ನಮ್ಮ ಕಮಲಾಕ್ಷನಿಗೆ ಎಂದು ತೊಟ್ಟಿಲ ಬಳಿ ನಿಂತು ಹೇಳಿ ಬಂದಿದ್ದವಳು ಆಕೆ. ಗಂಡ ಮಾತು ಮುರಿದದ್ದನ್ನು ಅವಳು ಮರೆತಿರಲಿಲ್ಲ. ಹುಕ್ರಪ್ಪ ಗೌಡರು ಇರುವಷ್ಟು ದಿನ ಅವರೊಂದು ಕೆಮ್ಮು ಕೆಮ್ಮಿದರೆ ಸೇಸಮ್ಮನ ನಾಲಗೆ ಒಳಗೆ ಹೋಗುತ್ತಿತ್ತು. ಹೋದ ಆಟಿ ತಿಂಗಳ ಮಳೆಯಲ್ಲಿ ಅವರು ತೀರಿಕೊಂಡರು. ಅವರ ತಿಥಿಯ ಊಟದ ಎಲೆ ಎತ್ತುವ ಹೊತ್ತಿಗೇ ಮನೆಯ ಗಾಳಿ ಬದಲಾಯಿತು.

ಆಮೇಲೆ ಅಮ್ಮಣಿ ಮಾಡಿದ್ದರಲ್ಲೆಲ್ಲ ಊನ. ಗಂಜಿ ಬೆಂದದ್ದು ಹೆಚ್ಚಾಯಿತು, ಹುರುಳಿ ಸಾರಿಗೆ ಹುಳಿ ಕಡಿಮೆಯಾಯಿತು, ಒಣಮೀನು ಸುಟ್ಟದ್ದು ಕರಿಯಾಯಿತು. ಸರಸಳ ಕೈಯಲ್ಲಾಗಿದ್ದರೆ ಹೀಗಾಗುತ್ತಿತ್ತಾ ಎಂದು ಸೇಸಮ್ಮ ಬಟ್ಟಲ ಮುಂದೆ ಕೂತು ಗೋಡೆಗೆ ಕೇಳುವಂತೆ ಕೇಳುತ್ತಿದ್ದಳು. ಮದುವೆಯಾಗಿ ಮಕ್ಕಳಾಗದ್ದು ಇನ್ನೊಂದು ಮಾತು. ಅಮ್ಮಣಿಯ ಗಂಡ ಕಮಲಾಕ್ಷ ತಲೆ ತಗ್ಗಿಸಿ ಉಣ್ಣುತ್ತಿದ್ದ. ಹಿರಿಯ ಮಗ ಡೊಂಬಯ್ಯ ಈಗ ಮನೆಯ ಯಜಮಾನ. ಹೆಂಗಸರ ಮಾತಿಗೆ ತಾನು ಬರುವುದಿಲ್ಲ ಎಂಬುದೇ ಅವನ ಯಜಮಾನಿಕೆ. ಅವನ ಹೆಂಡತಿ ರಾಜೀವಿ ಮಾತ್ರ ಒಲೆಯ ಹಿಂದಿನಿಂದ ಒಂದು ತುಂಡು ಬೆಲ್ಲವನ್ನು ಅಮ್ಮಣಿಯ ಕೈಗೆ ತುರುಕಿ, ಕಿವಿ ಮುಚ್ಚಿಕೊ ಮಾರಾಯ್ತಿ, ನಾನೂ ಹಾಗೆಯೇ ಕಳೆದವಳು ಎನ್ನುತ್ತಿದ್ದಳು.

ದೀಪಾವಳಿ ಕಳೆದು ಸುಗ್ಗಿ ಬೆಳೆಯ ಗದ್ದೆಗೆ ಗೊಬ್ಬರದ ಸೊಪ್ಪು ಹಾಕುವ ಕಾಲ ಬಂತು. ಸೊಸೆಯಂದಿರಿಬ್ಬರೂ ಕತ್ತಿ, ಹಗ್ಗ ಹಿಡಿದು ಗುಡ್ಡಕ್ಕೆ ಹೋದರು. ಕೈಗೆಟಕುವ ಗೆಲ್ಲುಗಳಲ್ಲಿ ಅಗಲ ಎಲೆ ಬಿಟ್ಟ ಮರವೊಂದು ಅಮ್ಮಣಿಯ ಕಣ್ಣಿಗೆ ಬಿತ್ತು. ಎಲೆ ದಪ್ಪ, ಹೊರೆ ಬೇಗ ತುಂಬುತ್ತದೆ. ಅವಳು ಕಡಿಯತೊಡಗಿದಳು. ಕಡಿದ ಕಡೆ ಒಸರಿದ ಸೊನೆ ಮುಖಕ್ಕೆ, ಕುತ್ತಿಗೆಗೆ ಸಿಡಿಯಿತು. ಸೆರಗಿನಿಂದ ಒರೆಸಿಕೊಂಡಳು. ಕೆಳಗೆ ಹೊರೆ ಕಟ್ಟುತ್ತಿದ್ದ ರಾಜೀವಿ ತಲೆ ಎತ್ತಿ ನೋಡಿ, ಏನೋ ಹೇಳಲು ಬಾಯಿ ತೆರೆದು, ಆ ಮರ ಬಿಡು, ಬೇರೆ ಕಡಿ ಎಂದಷ್ಟೇ ಹೇಳಿದಳು. ಆಗಲೇ ಅರ್ಧ ಹೊರೆ ಆಗಿತ್ತು.

ಮಾರನೆಯ ದಿನ ಅಮ್ಮಣಿಯ ಮುಖ ಉರಿಯತೊಡಗಿತು. ಅದರ ಮರುದಿನ ಬಾತು, ಕಣ್ಣುಗಳು ಗೆರೆಯಾದವು. ಕೆನ್ನೆಯಲ್ಲಿ, ಕಿವಿಯ ಹಾಲೆಯಲ್ಲಿ, ಕುತ್ತಿಗೆಯಲ್ಲಿ ಬೊಕ್ಕೆ ಎದ್ದು ನೀರು ಒಸರಿತು. ಕನ್ನಡಿ ನೋಡಿದವಳು ಕನ್ನಡಿಯನ್ನು ಕವುಚಿಟ್ಟು ಅತ್ತೆಯ ಮುಂದೆ ಬಂದು ಕೂತಳು.

ಸೇಸಮ್ಮ ನೋಡಿದಳು. ಬಹಳ ಹೊತ್ತು ನೋಡಿದಳು. ಎಂದೂ ರೋಗಿಯನ್ನು ಮುಟ್ಟದವಳು ಅಂದು ಸೂಜಿಯೊಂದನ್ನು ತರಿಸಿ, ಬಾತ ಕಿವಿಗೆ ಚುಚ್ಚಿ, ನೋವುಂಟಾ ಎಂದು ಕೇಳಿದಳು. ಬಾವಿನಲ್ಲಿ ಕಿವಿ ಮರಗಟ್ಟಿದಂತೆ ಇತ್ತು. ಅಷ್ಟಾಗಿ ಗೊತ್ತಾಗುವುದಿಲ್ಲ ಎಂದಳು ಅಮ್ಮಣಿ. ಸೇಸಮ್ಮ ಸೂಜಿಯನ್ನು ಅಂಗಳಕ್ಕೆ ಎಸೆದು ಕೈ ತೊಳೆದುಕೊಂಡಳು.

"ಇದು ನನ್ನ ಮದ್ದಿಗೆ ಬಗ್ಗುವುದಲ್ಲ," ಎಂದಳು.

ಅಷ್ಟೇ ಹೇಳಿದ್ದು. ರೋಗದ ಹೆಸರನ್ನು ಅವಳು ಅಂದೂ ಹೇಳಲಿಲ್ಲ, ಮುಂದೆಯೂ ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಅವಳ ಮದ್ದಿಗೆ ಬಗ್ಗದ್ದು, ಸೂಜಿ ಚುಚ್ಚಿದರೆ ಗೊತ್ತಾಗದ್ದು ಎಂದರೆ ಊರಿನವರಿಗೆ ಒಂದೇ. ಸಂಜೆಯೊಳಗೆ ದೊಡ್ಡ ರೋಗ ಎಂಬ ಮಾತು ತೋಡಿನ ನೀರು ದಾಟಿತು. ಕುಷ್ಠ ಎನ್ನಲು ಜನ ಹೆದರುತ್ತಾರೆ. ದೊಡ್ಡ ರೋಗ ಎನ್ನುತ್ತಾರೆ.

ಅಮ್ಮಣಿಯ ಚಾಪೆ ದನದ ಹಟ್ಟಿಗೆ ಹೋಯಿತು. ದನಗಳ ಈಚೆ ಬದಿಗೆ ತಡಿಕೆ ಕಟ್ಟಿ ಡೊಂಬಯ್ಯನೇ ಜಾಗ ಮಾಡಿದ. ಗಂಜಿ ತೆಂಗಿನ ಗೆರಟೆಯಲ್ಲಿ ಬರುತ್ತಿತ್ತು; ಉಂಡಾದ ಮೇಲೆ ಗೆರಟೆಯನ್ನು ಅವಳೇ ಒಲೆಬೂದಿಯ ಗುಂಡಿಗೆ ಎಸೆಯಬೇಕು. ಬಾವಿಯ ಹಗ್ಗ ಮುಟ್ಟುವಂತಿಲ್ಲ. ನೀರನ್ನು ರಾಜೀವಿ ದೂರದಿಂದ ಸುರಿಯುತ್ತಿದ್ದಳು. ಬಂಟ್ವಾಳದ ಡಾಕ್ಟರರಿಗೆ ತೋರಿಸಿ ಎಂದು ಅಮ್ಮಣಿ ಕೈಮುಗಿದು ಕೇಳಿದಾಗ ಸೇಸಮ್ಮ ಜಗಲಿಯಿಂದಲೇ ಉತ್ತರ ಕೊಟ್ಟಳು: ಡಾಕ್ಟರರು ನೋಡಿದರೆ ಸರ್ಕಾರದವರಿಗೆ ತಿಳಿಸಿ ರೋಗಿಗಳ ಕೊಟ್ಟಿಗೆಗೆ ಎಳೆದುಕೊಂಡು ಹೋಗುತ್ತಾರೆ, ಆಮೇಲೆ ಈ ಮನೆಯ ಅಂಗಳಕ್ಕೆ ನಾಯಿ ಕೂಡ ಬರಲಿಕ್ಕಿಲ್ಲ.

ಕಮಲಾಕ್ಷ ಒಮ್ಮೆ ಬಂದ. ತಡಿಕೆಯ ಆಚೆ ನಿಂತು ಎತ್ತಿನ ಬೆನ್ನು ಸವರುತ್ತಾ ಮಾತಾಡಿದ. ಅಮ್ಮಣಿ ಮುಖಕ್ಕೆ ಸೆರಗು ಎಳೆದುಕೊಂಡು, ನೀವೊಬ್ಬರು ಕರೆದುಕೊಂಡು ಹೋದರೆ ಸಾಕು, ಬಸ್ಸಿನಲ್ಲಿ ಬೇಡ, ನಡೆದೇ ಬರುತ್ತೇನೆ ಎಂದಳು.

"ಅಮ್ಮ ಹೇಳಿದ ಹಾಗೆ ಕೇಳು," ಎಂದ ಅವನು. "ಅವರಿಗೆ ಗೊತ್ತಿಲ್ಲದ್ದು ಎಂತ ಉಂಟು?"

ಎತ್ತಿಗೆ ಒಂದು ಹಿಡಿ ಹುಲ್ಲು ಹಾಕಿ ಹೋದ.

ಹೀಗೆ ದಿನ ಹೋಗುತ್ತಿರುವಾಗ ಒಂದು ಬೆಳಿಗ್ಗೆ ಗುಡ್ಡದ ಮೇಲೆ ಮರ ಕೊಯ್ಯುವ ಮೊಯಿದಿನಬ್ಬ ಅಂಗಳಕ್ಕೆ ಬಂದ. ತಡಿಕೆಯ ಸಂದಿಯಿಂದ ಅಮ್ಮಣಿ ನೋಡಿದಳು. ಅವನ ಮುಖ ಕುಂಬಳಕಾಯಿಯಾಗಿತ್ತು. ಕಣ್ಣುಗಳು ಗೆರೆ. ಕೆನ್ನೆಯಲ್ಲಿ ಬೊಕ್ಕೆ, ಕಿವಿಯಲ್ಲಿ ನೀರು. ತನ್ನ ಮುಖವನ್ನೇ ಯಾರೋ ಗಂಡಸಿಗೆ ಅಂಟಿಸಿ ಕಳಿಸಿದಂತಿತ್ತು. ಇನ್ನು ಇವನಿಗೂ ಹಟ್ಟಿಯೇ ಎಂದುಕೊಂಡಳು ಅಮ್ಮಣಿ.

ಸೇಸಮ್ಮ ಎಲೆಗೆ ಸುಣ್ಣ ಸವರುತ್ತಿದ್ದವಳು ಕೈ ನಿಲ್ಲಿಸಲೂ ಇಲ್ಲ.

"ಯಾವ ಕಡೆ ಚೇರೆ ಮರ ಕೊಯ್ದದ್ದು ನೀನು?" ಎಂದಳು.

"ಗೊತ್ತಾಗ್ಲಿಲ್ಲ ಸೇಸಮ್ಮಕ್ಕ, ಮರ ಬಿದ್ದ ಮೇಲೆಯೇ ಕರಿ ಸೊನೆ ಕಂಡದ್ದು."

"ಎಲೆ ನೋಡಿಯಾದರೂ ತಿಳಿಯಬೇಕಿತ್ತು ಮಾರಾಯ. ತೊಟ್ಟಿನ ಎರಡೂ ಬದಿಗೆ ಮುಳ್ಳಿನ ಹಾಗೆ ಸಣ್ಣದೊಂದು ಗಂಟು ಇರ್ತದೆ. ಸೊನೆ ಗಾಳಿಗೆ ಕರಿಯಾಗ್ತದೆ. ತಾಗಿದ್ರೆ ಎರಡು ದಿನದಲ್ಲಿ ಹೀಗೇ."

ಆಮೇಲೆ ಮದ್ದು ಹೇಳಿದಳು. ಹೊರೆಗಟ್ಟಲೆ ಸೊಪ್ಪು ಬೇಕಾಗುವ ಮದ್ದು ಅದು, ಗುಟ್ಟು ಮಾಡಿದರೆ ಹೊರುವವರು ಯಾರು? ಚೇರೆಗೆ ತಾರೆಯೇ ಮದ್ದು ಎಂದಳು. ತಾರೆ ಮರದ ಎಲೆ, ತೊಗಟೆಯ ಕೆತ್ತೆ ಹಾಕಿ ನೀರು ಕುದಿಸಿ, ಆರಿಸಿ, ಬೆಳಿಗ್ಗೆ ಸಂಜೆ ಮೀಯಬೇಕು. ಆ ಮೇಲೆ ತೆಂಗಿನ ಹಾಲು ಹಚ್ಚಬೇಕು. ತೋಡಿನ ಮೇಲ್ಗಡೆ ಒಂದು ಮರ ಉಂಟು. ಎಲೆಗಳೆಲ್ಲ ಗೆಲ್ಲಿನ ತುದಿಯಲ್ಲೇ ಗುಂಪಾಗಿರುತ್ತವೆ, ಬುಡದಲ್ಲಿ ಕಾಯಿ ಹೆಕ್ಕಿ ನೋಡು, ಉರುಟು, ಬೂದು ಬಣ್ಣ, ಮುಟ್ಟಿದರೆ ಮಕಮಲ್ಲು. ಪಕ್ಕದಲ್ಲೇ ಮತ್ತಿ ಮರ ಉಂಟು, ಅದರ ಕಾಯಿಗೆ ರೆಕ್ಕೆ ಇರ್ತದೆ, ಅದು ಬೇಡ. ಮೊಯಿದಿನಬ್ಬ ಕೈ ಮುಗಿದ. ಅವನಿಗೆ ಬೆಲ್ಲ, ನೀರು ಕೊಡಲು ರಾಜೀವಿಗೆ ಹೇಳಿ ಸೇಸಮ್ಮ ಒಳಗೆ ಎದ್ದು ಹೋದಳು. ಹಟ್ಟಿಯ ಕಡೆ ತಿರುಗಿಯೂ ನೋಡಲಿಲ್ಲ.

ಅಮ್ಮಣಿ ತಡಿಕೆಯನ್ನು ಹಿಡಿದುಕೊಂಡೇ ಕೂತಳು. ಮೊದಲು ಅವಳಿಗೆ ಸಂತೋಷವಾಯಿತು, ದೊಡ್ಡ ರೋಗ ಅಲ್ಲವಲ್ಲ ಎಂದು. ಅತ್ತೆಯನ್ನು ಕೂಗಿ, ನನ್ನದೂ ಅದೇ ಎಂದು ಹೇಳಬೇಕೆಂದು ಎದ್ದವಳು ಹಾಗೆಯೇ ಮತ್ತೆ ಕೂತಳು. ಅಂಗಳದ ಆ ತುದಿಯಲ್ಲಿದ್ದ ಮುಖವನ್ನು ಜಗಲಿಯಿಂದಲೇ ಗುರುತಿಸಿದವಳು, ತನ್ನ ಕಿವಿಗೆ ಸೂಜಿ ಚುಚ್ಚುವಷ್ಟು ಹತ್ತಿರ ಕೂತು ಗುರುತಿಸದೆ ಇದ್ದಾಳೆಯೇ?

ಮಧ್ಯಾಹ್ನ ಗಂಜಿ ತಂದ ರಾಜೀವಿಯನ್ನು ಅವಳು, ನಾನು ಕಡಿದದ್ದು ಚೇರೆ ಎಂದು ಗೊತ್ತುಂಟಾ ಎಂದು ನೇರವಾಗಿ ಕೇಳಿದಳು. ರಾಜೀವಿ ಗೆರಟೆ ಕೆಳಗಿಟ್ಟು ಅಂಗಳದ ಕಡೆ ನೋಡಿದಳು.

"ಗೊತ್ತುಂಟು. ಕಡಿಯುವಾಗಲೇ ನೋಡಿದ್ದೇನೆ."

"ಮತ್ತೆ ಹೇಳ್ಲಿಲ್ಲ ಯಾಕೆ ಅಕ್ಕ?"

"ಯಾರಿಗೆ ಹೇಳೂದು? ಗೊತ್ತಿಲ್ಲದವರಿಗೆ ಹೇಳಬಹುದು." ರಾಜೀವಿಯ ಕಣ್ಣು ತುಂಬಿತ್ತು, ಆದರೆ ದನಿ ಗಟ್ಟಿಯಾಗಿತ್ತು. "ನೀನು ಹೋದರೂ ನಾನು ಇಲ್ಲೇ ಇರ್ಲಿಕ್ಕುಂಟು."

ಆ ದಿನವೇ ಅಮ್ಮಣಿ ಹಟ್ಟಿಯ ಹಿಂದಿನಿಂದ ತೋಡಿನ ಮೇಲ್ಗಡೆಗೆ ಹೋದಳು. ರೋಗದವಳು ಎತ್ತ ಹೋದರೂ ಕೇಳುವವರಿಲ್ಲ, ಅಷ್ಟು ಮಾತ್ರ ಅವಳಿಗೆ ಅನುಕೂಲವಾಗಿತ್ತು. ಎರಡು ಮರ ಒತ್ತೊತ್ತಾಗಿದ್ದವು. ಒಂದರ ತೊಗಟೆ ಮೊಸಳೆಯ ಬೆನ್ನಿನ ಹಾಗೆ ಒಡೆದಿತ್ತು. ಬುಡದ ಒಣಕಾಯಿಗೆ ರೆಕ್ಕೆಗಳಿದ್ದವು. ಇನ್ನೊಂದರ ಬುಡದಲ್ಲಿ ಎಲೆಗಳನ್ನು ಕೆದಕಿ ಕೆದಕಿ ಒಂದು ಕಾಯಿ ಹೆಕ್ಕಿದಳು. ಕಣ್ಣು ಸರಿಯಾಗಿ ಬಿಡಲಾಗದವಳು ಅದನ್ನು ಬೆರಳಿನಲ್ಲೇ ನೋಡಿದಳು. ಉರುಟು, ಮಕಮಲ್ಲು. ಒಡಕು ಮಡಕೆಯೊಂದರಲ್ಲಿ ಹಟ್ಟಿಯ ಹಿಂದೆ ನೀರು ಕುದಿಸಿ ಮಿಂದಳು. ಮರುದಿನ ಉರಿ ಇಳಿಯಿತು. ದಿನ ಕಳೆದಂತೆ ಕಣ್ಣು ಬಿಟ್ಟಿತು, ಬೊಕ್ಕೆ ಬತ್ತಿ ಸಿಪ್ಪೆ ಎದ್ದಿತು, ಸಿಪ್ಪೆಯ ಅಡಿಯಿಂದ ಎಳೆಯ ಚರ್ಮ ಬಂತು.

ಮುಖ ತಿಳಿಯಾದ ದಿನ ಅವಳು ಮಿಂದು, ಒಗೆದ ಸೀರೆ ಉಟ್ಟು ಅಂಗಳಕ್ಕೆ ಬಂದು ನಿಂತಳು. ಸೇಸಮ್ಮ ನೋಡಿದಳು.

"ಆ ರೋಗ ಹಾಗೆಯೇ," ಎಂದಳು, ಪಕ್ಕದ ಮನೆಯ ಜೈನಬಮ್ಮನಿಗೆ ಕೇಳುವಂತೆ. "ಹೊರಗೆ ಗುಣ ಆದ ಹಾಗೆ ಕಾಣ್ತದೆ. ಒಳಗೆ ಹೋಗಿ ಕೂತಿರ್ತದೆ."

ಮೂಡುಬಿದಿರೆಯಿಂದ ಸೇಸಮ್ಮನ ಅಣ್ಣ, ಸರಸಳ ಅಪ್ಪ, ಅಷ್ಟರಲ್ಲಿ ಒಮ್ಮೆ ಬಂದು ಊಟ ಮಾಡಿ ಹೋಗಿದ್ದ. ಅಮ್ಮಣಿಯ ಅಪ್ಪ ಚಿನ್ನಯ್ಯ ಗೌಡನಿಗೆ, ಬಂದು ಮಗಳನ್ನು ಕರೆದುಕೊಂಡು ಹೋಗಬೇಕು ಎಂದು ಆಳಿನ ಮೂಲಕ ಹೇಳಿಕಳಿಸಿದರು. ಚಿನ್ನಯ್ಯ ಬಂದ. ಜಾತಿಯ ಹಿರಿಯ, ಊರಗೌಡ ತುಕ್ರಪ್ಪನವರೂ ಇನ್ನಿಬ್ಬರೂ ಬಂದು ಜಗಲಿಯಲ್ಲಿ ಕೂತರು. ಅಮ್ಮಣಿಗೆ ಅಂಗಳದ ತುದಿ.

ಅವಳು ಬರಿಗೈಯಲ್ಲಿ ಬಂದಿರಲಿಲ್ಲ. ಗುಡ್ಡಕ್ಕೆ ಹೋಗಿ ಅದೇ ಮರವನ್ನು ಹುಡುಕಿದ್ದಳು. ತಾನು ಕಡಿದ ಗೆಲ್ಲಿನ ಬೊಡ್ಡೆಗಳು ಟಾರು ಬಳಿದಂತೆ ಕರಿಯಾಗಿದ್ದವು. ಎಲೆಯ ತೊಟ್ಟಿನಲ್ಲಿ ಎರಡು ಗಂಟುಗಳಿದ್ದವು. ಒಂದು ಹಸಿ ಗೆಲ್ಲನ್ನು ಬಾಳೆಲೆಯಲ್ಲಿ ಸುತ್ತಿ ತಂದಿದ್ದಳು. ಅದನ್ನು ನೆಲದಲ್ಲಿಟ್ಟು, ಮೊಯಿದಿನಬ್ಬ ಬಂದ ದಿನ ಕೇಳಿದ್ದು, ತಾರೆ ನೀರಿನಲ್ಲಿ ಮಿಂದದ್ದು, ಎಲ್ಲವನ್ನೂ ಹೇಳಿದಳು. ಊರಗೌಡರು ಗೆಲ್ಲನ್ನು ದೂರದಿಂದಲೇ ನೋಡಿ ಸೇಸಮ್ಮನ ಕಡೆ ತಿರುಗಿದರು.

"ಮೊಯಿದಿನಬ್ಬನದ್ದು ಚೇರೆ ಹೌದು," ಎಂದಳು ಸೇಸಮ್ಮ. "ಇವಳದ್ದು ಅದಲ್ಲ. ನೋಡ್ಲಿಕ್ಕೆ ಎರಡೂ ಒಂದೇ. ಬೇರೆ ಮಾಡಿ ಹೇಳ್ಲಿಕ್ಕೆ ಕಣ್ಣು ಬೇಕು."

ಆ ಕಣ್ಣು ಸೇಸಮ್ಮನಿಗೇ ಇದೆ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಊರಗೌಡರ ಮಗುವಿನ ಕಾಮಾಲೆ ಇಳಿಸಿದ್ದು ಅದೇ ಕಣ್ಣು.

ಅಮ್ಮಣಿ ರಾಜೀವಿಯ ಹೆಸರು ಹೇಳಿದಳು. ಅಕ್ಕ ಜೊತೆಗಿದ್ದರು, ಕೇಳಿ. ರಾಜೀವಿ ಬಾಗಿಲ ಮರೆಗೆ ಬಂದು ನಿಂತಳು. ಡೊಂಬಯ್ಯ ಹೆಂಡತಿಯ ಮುಖವನ್ನೇ ನೋಡುತ್ತಿದ್ದ.

"ನಾನು ಆಚೆ ಬದಿಯಲ್ಲಿ ಹೊರೆ ಕಟ್ತಾ ಇದ್ದೆ," ಎಂದಳು ರಾಜೀವಿ. "ಅವಳು ಯಾವ ಮರ ಕಡಿದದ್ದೂಂತ ನಾನು ನೋಡ್ಲಿಲ್ಲ."

ಅಮ್ಮಣಿ ಅವಳನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಬಾಳೆಲೆ ಬಿಡಿಸಿ, ಗೆಲ್ಲನ್ನು ಮೊಣಕಾಲಿಗೊತ್ತಿ ಮುರಿದು, ಒಸರಿದ ಸೊನೆಯನ್ನು ಎಡಗೈಗೆ, ಮಣಿಕಟ್ಟಿನಿಂದ ಮೊಣಕೈಯವರೆಗೆ ಉಜ್ಜಿಕೊಂಡಳು. ಜಗಲಿಯಲ್ಲಿದ್ದವರು ಎದ್ದುಬಿಟ್ಟರು. ನೋಡುತ್ತಿದ್ದಂತೆ ಆ ಬಿಳಿಚು ಸೊನೆ ಕರಿಯಾಯಿತು.

"ಎರಡು ದಿನ ಕಳೆದು ಬನ್ನಿ," ಎಂದಳು ಊರಗೌಡರಿಗೆ. "ಮುಖದಲ್ಲಿ ಎದ್ದದ್ದೇ ಕೈಯಲ್ಲಿ ಎದ್ದರೆ ನನ್ನದು ದೊಡ್ಡ ರೋಗ ಅಲ್ಲ. ಏಳದಿದ್ದರೆ ನೀವು ಹೇಳಿದ ಕಡೆಗೆ ಹೋಗ್ತೇನೆ."

ನ್ಯಾಯದ ಮಾತು ಎಂದರು ಊರಗೌಡರು. ಬರುತ್ತೇನೆ ಎಂದರು. ಚಿನ್ನಯ್ಯನೂ ಅಲ್ಲಿಯವರೆಗೆ ನಿಲ್ಲುವುದೆಂದಾಯಿತು. ಸೇಸಮ್ಮ ಅಡಕೆ ಕತ್ತರಿಸುತ್ತಾ ಕೂತಿದ್ದಳು.

ಕೈ ಬಾತಿತು. ಕೆಂಪಾಯಿತು, ಬೊಕ್ಕೆ ಎದ್ದಿತು, ನೀರು ಒಸರಿತು. ಇಷ್ಟು ಉರಿಯನ್ನು ಇಷ್ಟು ಆಸೆಯಿಂದ ಯಾರೂ ಕಾದಿರಲಿಕ್ಕಿಲ್ಲ. ತಾರೆಯ ಸೊಪ್ಪು ಹಟ್ಟಿಯಲ್ಲೇ ಇತ್ತು, ಅಮ್ಮಣಿ ಮುಟ್ಟಲಿಲ್ಲ. ನೋಡುವವರು ನೋಡಿದ ಮೇಲೆಯೇ ಮದ್ದು ಎಂದು ಹಲ್ಲು ಕಚ್ಚಿ ಕೂತಳು. ಊರಗೌಡರು ಬರುವ ದಿನ ಬೆಳಿಗ್ಗೆಯಿಂದಲೇ ಅಂಗಳದ ತುದಿಯಲ್ಲಿ ಕೈ ಚಾಚಿ ಕೂತಿದ್ದಳು. ಅವರು ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಚಿನ್ನಯ್ಯ ಅವರ ಮನೆಗೆ ನಡೆದು ಹೋದ; ಮೂಡುಬಿದಿರೆಗೆ ಹೋಗಿದ್ದಾರೆ, ಸೇಸಮ್ಮನ ಅಣ್ಣನಲ್ಲಿಗೆ, ಏನೋ ಮಾತುಕತೆ ಉಂಟಂತೆ ಎಂದು ಮನೆಯವರು ಹೇಳಿದರು.

ಬಂದವರು ಬೇರೆಯವರು. ಮದ್ದಿಗೆ ಬಂದವರು, ಮಜ್ಜಿಗೆಗೆ ಬಂದವರು, ಸುಮ್ಮನೆ ಬಂದವರು. ಸೇಸಮ್ಮ ಒಬ್ಬೊಬ್ಬರಿಗೂ ಅಂಗಳದ ತುದಿಯನ್ನು ಗಲ್ಲದಿಂದ ತೋರಿಸಿದಳು.

"ನಾನು ಹೇಳಿರ್ಲಿಲ್ವಾ? ಮುಖದಲ್ಲಿ ಅಡಗಿದ್ದು ಈಗ ಕೈಯಲ್ಲಿ ಎದ್ದಿತು."

ಜನ ನೋಡಿದರು. ಅವರ ಕಣ್ಣ ಮುಂದೆ ಬೊಕ್ಕೆ ಎದ್ದ ಕೈ ಇತ್ತು. ಸೊನೆ ಉಜ್ಜಿಕೊಂಡದ್ದನ್ನು ನೋಡಿದವರು ಜಗಲಿಯಲ್ಲಿ ಕೂತಿದ್ದವರು ಮಾತ್ರ, ಮತ್ತು ಅವರು ಯಾರೂ ಮಾತಾಡಲಿಲ್ಲ.

ಕೊನೆಗೆ ಚಿನ್ನಯ್ಯ ಮಗಳನ್ನು ಎಬ್ಬಿಸಿಕೊಂಡು ಹೊರಟ. ವಾಮದಪದವಿನಲ್ಲಿ ಬಸ್ಸು ಹತ್ತಿದರು. ಅವಳ ಕೈ ಕಂಡ ಹೆಂಗಸೊಬ್ಬಳು ಮಗುವನ್ನೆತ್ತಿಕೊಂಡು ಎದ್ದಳು, ಹಿಂದಿನವರು ಗೊಣಗಿದರು, ಕಂಡಕ್ಟರ್ ಬಂದು ಇಳಿಯಿರಿ ಎಂದ. ಇಳಿದು ನಡೆದರು. ಚಿನ್ನಯ್ಯ ಕೆಲವು ಮಾರು ಮುಂದೆ ನಡೆಯುತ್ತಿದ್ದ. ಬಿಸಿಲು ಏರಿದ ಮೇಲೆ ಒಂದು ಕಟ್ಟೆಯ ಹತ್ತಿರ ನಿಂತು, ತಿರುಗದೆಯೇ ಕೇಳಿದ.

"ಸತ್ಯ ಹೇಳು ಮಗಾ. ಮೊದಲು ಎಲ್ಲಿಯಾದರೂ ಮೈಯಲ್ಲಿ ಕಲೆ ಇತ್ತಾ?"

ಅಮ್ಮಣಿ ಅತ್ತದ್ದು ಆ ಕಟ್ಟೆಯ ಹತ್ತಿರ, ಹಟ್ಟಿಯಲ್ಲಿ ಅಲ್ಲ.

ತವರಿನಲ್ಲಿ ಅಣ್ಣನ ಹೆಂಡತಿ ಅವಳಿಗೆ ಬೇರೆ ಬಟ್ಟಲು, ಬೇರೆ ಚಾಪೆ ಕೊಟ್ಟಳು. ಅಮ್ಮಣಿ ತಾನೇ ತಾರೆ ಮರ ಹುಡುಕಿ, ಕೈಗೆ ನೀರು ಹೊಯ್ದುಕೊಂಡಳು. ಕೈ ಗುಣವಾಗಿ, ಚರ್ಮ ಮೊದಲಿನಂತಾಗಿ, ಅಣ್ಣನ ಮಕ್ಕಳು ಹೆದರದೆ ಹತ್ತಿರ ಬರತೊಡಗಿದರೂ ಆ ಬೇರೆ ಬಟ್ಟಲು ಬೇರೆಯಾಗಿಯೇ ಉಳಿಯಿತು.

ಸುಗ್ಗಿಯ ಕೊಯ್ಲು ಮುಗಿದ ಮೇಲೆ ಒಂದು ಮಧ್ಯಾಹ್ನ ಡೊಂಬಯ್ಯ ಬಂದ. ಉರಿಬಿಸಿಲಿನಲ್ಲಿ ವೇಣೂರಿನಿಂದ ನಡೆದು ಬಂದು ಬೆವರಿ ತೊಪ್ಪೆಯಾಗಿದ್ದ. ಚಿನ್ನಯ್ಯ ಚಾಪೆ ಹಾಸಿದ. ಡೊಂಬಯ್ಯ ಸುತ್ತು ಬಳಸದೆ ವಿಷಯ ಹೇಳಿದ: ಕಮಲಾಕ್ಷನಿಗೆ ಸರಸಳ ಜೊತೆ ನಿಶ್ಚಯವಾಗಿದೆ, ಊರಗೌಡರೇ ಮುಂದೆ ನಿಂತು ಮಾಡುತ್ತಿದ್ದಾರೆ, ಅಮ್ಮಣಿಯ ಕೊರಳಿನ ಕರಿಮಣಿ ಹಿಂದೆ ಬರಬೇಕು. ಅಮ್ಮಣಿ ಒಳಗಿನಿಂದ ಕೇಳಿಸಿಕೊಂಡಳು. ಮನೆಗೆ ಬಂದವರಿಗೆ ಕೊಡುವ ರೂಢಿಯಂತೆ ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು ಹಿಡಿದು ಬಂದಳು.

ಡೊಂಬಯ್ಯ ಬೆಲ್ಲ ಬಾಯಿಗೆ ಹಾಕಿಕೊಂಡ. ಅವಳ ಕೈಯಿಂದಲೇ ಚೊಂಬು ತೆಗೆದುಕೊಂಡು, ಅಂಚಿಗೆ ಬಾಯಿ ಹಚ್ಚಿ, ಗಟಗಟನೆ ಪೂರ್ತಿ ಕುಡಿದು, ಅಂಗೈಯಲ್ಲಿ ಮೀಸೆ ಒರೆಸಿಕೊಂಡು, ಇನ್ನೊಂದು ಚೊಂಬು ಕೊಡು ಎಂದು ಹಿಂದಕ್ಕೆ ಚಾಚಿದ.

ಅಮ್ಮಣಿ ಚೊಂಬನ್ನು ತೆಗೆದುಕೊಳ್ಳಲಿಲ್ಲ.

"ದೊಡ್ಡ ರೋಗದವಳ ಕೈಯ ನೀರು ಅದು, ಭಾವ," ಎಂದಳು.

ಅವನ ಕೈ ಹಾಗೆಯೇ ನಿಂತಿತು. ಬಾಗಿಲಲ್ಲಿ ಅಣ್ಣನ ಹೆಂಡತಿ ನಿಂತಿದ್ದಳು. ಚಿನ್ನಯ್ಯ ಅಳಿಯನ ಅಣ್ಣನ ಒದ್ದೆ ಮೀಸೆಯನ್ನು ನೋಡಿದ, ಖಾಲಿ ಚೊಂಬನ್ನು ನೋಡಿದ, ಆಮೇಲೆ ಬಹಳ ದಿನಗಳ ಬಳಿಕ ಮಗಳ ಮುಖವನ್ನು ನೋಡಿದ. ಡೊಂಬಯ್ಯ ಚೊಂಬನ್ನು ಮೆಲ್ಲನೆ ಚಾಪೆಯ ಬದಿಗೆ ಇಟ್ಟು, ಅದರ ಮೇಲೆಯೇ ಕಣ್ಣಿಟ್ಟು ಕೂತ.

ಅಮ್ಮಣಿ ಕೊರಳಿನಿಂದ ಕರಿಮಣಿ ತೆಗೆದು ಅವನ ಮುಂದೆ ಇಟ್ಟಳು. ಅವನು ಅದನ್ನೆತ್ತಿ ಎಲೆಯಡಕೆಯ ಚೀಲಕ್ಕೆ ಹಾಕಿ, ಬಾಯಿ ಬಿಗಿದು ಕಟ್ಟಿ, ಬಸ್ಸಿಗೆ ಹೊತ್ತಾಯಿತು ಎಂದು ಎದ್ದ.